ಉದ್ಯಮ ಕುಸಿದಾಗ ನನ್ನ ಬೆಲೆಯೂ ಕುಸಿಯಿತೆಂದು ಅನ್ನಿಸುತ್ತಿದೆ: ಹೊಸನಗರದಿಂದ ಒಂದು ಪ್ರಶ್ನೆ

ಪ್ರಶ್ನೆ: ಹೊಸನಗರದ ಹಾಳೆತಟ್ಟೆ ತಯಾರಕ

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನವನು, ವಯಸ್ಸು ಮೂವತ್ತೆಂಟು. ಏಳು ವರ್ಷಗಳ ಹಿಂದೆ ಬೆಂಗಳೂರಿನ ನೌಕರಿ ಬಿಟ್ಟು ಊರಿಗೆ ಮರಳಿದೆ. ಮನೆಯ ಹಿಂದಿನ ಹಳೆಯ ಕೊಟ್ಟಿಗೆಯನ್ನೇ ಸರಿಪಡಿಸಿ ಅಡಿಕೆ ಹಾಳೆಯಿಂದ ಊಟದ ತಟ್ಟೆ ತಯಾರಿಸುವ ಘಟಕವನ್ನು ಆರಂಭಿಸಿದೆ. ನಾಲ್ಕು ಯಂತ್ರಗಳಿವೆ. ಊರಿನ ಆರು ಮಂದಿ ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ. ಬ್ಯಾಂಕಿನ ಸಾಲ ಇನ್ನೂ ಹನ್ನೊಂದು ಲಕ್ಷ ಬಾಕಿಯಿದೆ.

ನಾವು ತಯಾರಿಸಿದ ತಟ್ಟೆಗಳಲ್ಲಿ ಹೆಚ್ಚಿನವು ಒಬ್ಬ ರಫ್ತುದಾರರ ಮೂಲಕ ಅಮೆರಿಕಕ್ಕೆ ಹೋಗುತ್ತಿದ್ದವು. 2025ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು, ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳು ಈ ತಟ್ಟೆಗಳಿಂದ ಆಹಾರಕ್ಕೆ ಇಳಿಯಬಹುದೆಂಬ ಆತಂಕವನ್ನು ಮುಂದಿಟ್ಟು ಇವುಗಳ ಬಳಕೆಗೆ ವಿರುದ್ಧವಾಗಿ ನಿಂತಿತು. ಅದಾದ ಮೇಲೆ ನಮಗೆ ಬರುತ್ತಿದ್ದ ಬೇಡಿಕೆ ನಿಂತಿತು. ಅದಕ್ಕೂ ಮುಂಚೆ ಕಳುಹಿಸಿದ ಮಾಲಿನ ನಾಲ್ಕು ಲಕ್ಷದ ಚಿಲ್ಲರೆ ಹಣವೂ ಇವತ್ತಿನವರೆಗೆ ಬಂದಿಲ್ಲ. ಗೋದಾಮಿನಲ್ಲಿ ಕಟ್ಟಿಟ್ಟ ತಟ್ಟೆಗಳು ಹಾಗೇ ಇವೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಅವನ್ನು ಕಾಯುವುದೇ ಒಂದು ಕೆಲಸವಾಗಿದೆ.

ಮಾರುಕಟ್ಟೆಯನ್ನು ಹೇಗೆ ಹುಡುಕಬೇಕೆಂದು ಕೇಳಲು ನಾನು ಇಲ್ಲಿಗೆ ಬಂದಿಲ್ಲ. ಆ ಪ್ರಯತ್ನ ನಡೆದೇ ಇದೆ. ನಾನು ಕೇಳಬೇಕಾಗಿರುವುದು ಬೇರೆ. ಅಮೆರಿಕದ ಒಂದು ಕಚೇರಿಯ ತೀರ್ಮಾನಕ್ಕೂ ನನ್ನ ಯೋಗ್ಯತೆಗೂ ಸಂಬಂಧವಿಲ್ಲವೆಂದು ಬುದ್ಧಿಗೆ ಗೊತ್ತಿದೆ, ಮನಸ್ಸು ಅದನ್ನು ಒಪ್ಪುತ್ತಿಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ, ಆಮೇಲೆ ನಿದ್ದೆಯಿಲ್ಲ. ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುತ್ತದೆ. ಪೇಟೆಗೆ ಹೋದರೆ ಬ್ಯಾಂಕಿನ ಎದುರು ಹಾಯಬಾರದೆಂದು ಹಿಂದಿನ ರಸ್ತೆಯಲ್ಲಿ ಸುತ್ತಿ ಬರುತ್ತೇನೆ. ನನಗೆ ಹಣ ಕೊಡಬೇಕಾದವರಿಗೆ ಕರೆ ಮಾಡಿ ಕೇಳುವುದಕ್ಕೂ ನಾಚಿಕೆಯಾಗುತ್ತದೆ, ನಾನೇ ಬೇಡುತ್ತಿದ್ದೇನೋ ಎಂಬಂತೆ.

ಕಳೆದ ತಿಂಗಳು ನೆಂಟರ ಮನೆಯ ಮದುವೆಯಲ್ಲಿ ಊಟಕ್ಕೆ ಕುಳಿತಾಗ ಎದುರಿಗೆ ಹಾಳೆಯ ತಟ್ಟೆಯನ್ನೇ ಇಟ್ಟರು. ಅಭ್ಯಾಸಬಲದಿಂದ ಅದನ್ನು ಮಗುಚಿ ಅಂಚು ಸವರಿ ನೋಡಿದೆ. ಅಂಚು ಸರಿಯಾಗಿ ಕತ್ತರಿಸಿರಲಿಲ್ಲ, ಹಾಳೆಯನ್ನು ಅರೆಬರೆ ತೊಳೆದಿದ್ದರು. ನಮ್ಮದು ಇದಕ್ಕಿಂತ ಚೆನ್ನಾಗಿರುತ್ತಿತ್ತು ಎಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿದ್ದ ಸೋದರಮಾವ, "ಫ್ಯಾಕ್ಟರಿ ಹೇಗೆ ನಡೀತಿದೆಯೋ?" ಎಂದು ಕೇಳಿದರು. ಚೆನ್ನಾಗಿದೆ ಎಂದೆ. ಆ ಒಂದು ಸುಳ್ಳಿನ ನಂತರ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ನಿಜವಾದ ಲೆಕ್ಕ ನನ್ನ ಹೆಂಡತಿಗೂ ಗೊತ್ತಿಲ್ಲ.

ಉದ್ಯಮ ನಡೆಸುತ್ತ ಇಂಥ ಹೊತ್ತನ್ನು ದಾಟಿದವರು ಇಲ್ಲಿದ್ದರೆ, ತಮ್ಮ ಬಗೆಗಿನ ಗೌರವವನ್ನು ಹೇಗೆ ಉಳಿಸಿಕೊಂಡಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1: ಸಾಗರದ ಉಪ್ಪಿನಕಾಯಿ ತಯಾರಕಿ

ತಮ್ಮಾ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ನನ್ನ ಕಿರಿಯ ತಮ್ಮನ ವಯಸ್ಸಿನವನಾದ್ದರಿಂದ ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೇಸರಿಸಬೇಡ.

ನಾನು ಹದಿನಾರು ವರ್ಷಗಳಿಂದ ಅಪ್ಪೆಮಿಡಿಯ ಉಪ್ಪಿನಕಾಯಿ ಹಾಕಿ ಮಾರುತ್ತಿದ್ದೇನೆ. ಈ ಕೆಲಸ ಗೊತ್ತಿದ್ದವರಿಗೆ ತಿಳಿದಿರುತ್ತದೆ: ಮಿಡಿಯನ್ನು ತೊಟ್ಟು ಮುರಿಯದಂತೆ ಕೊಯ್ಯಿಸಿ, ತೊಳೆದು ಒರೆಸಿ, ಹರಳುಪ್ಪಿನಲ್ಲಿ ಪದರ ಪದರವಾಗಿ ಹಾಕಬೇಕು. ಮಿಡಿ ಉಪ್ಪು ಕುಡಿದು ಚಿರುಟಿಕೊಂಡ ಮೇಲಷ್ಟೇ ಸಾಸಿವೆ, ಮೆಣಸಿನಕಾಯಿಯ ಮಸಾಲೆ. ಉಪ್ಪು ಸರಿಯಾಗಿದ್ದರೆ ವರ್ಷಗಟ್ಟಲೆ ಇಟ್ಟರೂ ಕಚ್ಚಿದಾಗ ಕರಕ್ ಎನ್ನುತ್ತದೆ. ಒಂಬತ್ತು ವರ್ಷಗಳ ಹಿಂದೆ ನಗರದ ಒಂದು ಅಂಗಡಿಯವರು ಉಪ್ಪು ಬಹಳವಾಯಿತು, ಕಡಿಮೆ ಮಾಡಿ ಎಂದರು. ದೊಡ್ಡ ಗಿರಾಕಿ ಎಂಬ ಆಸೆಯಿಂದ ನಾನು ಒಪ್ಪಿದೆ. ಮೂರೇ ತಿಂಗಳಲ್ಲಿ ಇನ್ನೂರು ಕಿಲೋ ಮಿಡಿ ಮೆತ್ತಗಾಯಿತು. ಮಾರಿದ ಬಾಟಲಿಗಳು ವಾಪಸು ಬಂದವು. ನೆರೆಮನೆಯವರು ನೋಡಬಾರದೆಂದು ಕತ್ತಲಾದ ಮೇಲೆ ನಾನೊಬ್ಬಳೇ ಗೊಬ್ಬರದ ಗುಂಡಿಗೆ ಬಾಲ್ದಿ ಬಾಲ್ದಿ ಸುರಿದು ಮಣ್ಣು ಎಳೆದೆ. ಆ ವಾಸನೆ ಕೈಯಿಂದ ಎರಡು ದಿನ ಹೋಗಲಿಲ್ಲ. ಆಮೇಲೆ ಒಂದು ವಾರ ಅಂಗಳಕ್ಕೆ ಬಂದವರಿಗೂ ಮುಖ ತೋರಿಸಲಿಲ್ಲ. ಹೆಣ್ಣಾಗಿ ವ್ಯಾಪಾರಕ್ಕೆ ಇಳಿದದ್ದೇ ತಪ್ಪು ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ.

ಆಗ ನಮ್ಮ ಅತ್ತೆ ಬಂದು ಪಕ್ಕದಲ್ಲಿ ಕುಳಿತರು. ಅವರು ನನ್ನನ್ನು ಸಮಾಧಾನಪಡಿಸಲಿಲ್ಲ, ಬೈಯಲೂ ಇಲ್ಲ. "ಎಷ್ಟು ಮಿಡಿಗೆ ಎಷ್ಟು ಸೇರು ಉಪ್ಪು ಹಾಕಿದ್ದೆ?" ಎಂದು ಕೇಳಿದರು. ಹೇಳಿದೆ. "ಎಷ್ಟು ದಿವಸ ಬಿಟ್ಟಿದ್ದೆ?" ಎಂದರು. ಅದನ್ನೂ ಹೇಳಿದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿ, ಹಾಗಾದರೆ ಇಂತಿಷ್ಟು ಕಡಿಮೆಯಾಯಿತು ಎಂದು ಹೇಳಿ ಎದ್ದು ಹೋದರು. ಆ ಕ್ಷಣದಲ್ಲಿ ನನ್ನ ಮೇಲಿದ್ದ ಚಪ್ಪಡಿ ಕಲ್ಲನ್ನು ಯಾರೋ ಇಳಿಸಿದಂತಾಯಿತು. ಒಂದು ವಾರದಿಂದ ನಾನು ಎಂಥವಳು ಎಂದು ಕೇಳಿಕೊಳ್ಳುತ್ತಿದ್ದೆ. ಅತ್ತೆ ಉಪ್ಪು ಎಷ್ಟು ಎಂದು ಕೇಳಿದ್ದರು. ಮೊದಲನೆಯ ಪ್ರಶ್ನೆಗೆ ರಾತ್ರಿಯೆಲ್ಲ ಎದ್ದು ಕುಳಿತರೂ ಉತ್ತರ ಸಿಗುವುದಿಲ್ಲ. ಎರಡನೆಯದಕ್ಕೆ ಉತ್ತರವಿದೆ, ಅದನ್ನು ತಿದ್ದಲು ಬರುತ್ತದೆ.

ಅವತ್ತಿನಿಂದ ಪ್ರತಿಯೊಂದು ಭರಣಿಗೂ ಮಿಡಿ ಯಾವ ಹೊಳೆಸಾಲಿನದು, ಯಾವ ತಾರೀಕು, ಎಷ್ಟು ಉಪ್ಪು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಮನಸ್ಸು ಕುಗ್ಗಿದ ದಿನ ಅದನ್ನು ತೆಗೆದು ಓದುತ್ತೇನೆ. ನನ್ನ ಕೈ ಏನೇನು ಮಾಡಬಲ್ಲದು ಎಂಬುದು ಅದರಲ್ಲಿ ನನ್ನದೇ ಅಕ್ಷರದಲ್ಲಿ ಇದೆ. ನೀನು ಮದುವೆಮನೆಯಲ್ಲಿ ತಟ್ಟೆಯ ಅಂಚನ್ನು ಸವರಿ ನೋಡಿದೆಯಲ್ಲ, ಆ ಬೆರಳಿಗೆ ತಿಳಿದಿರುವ ವಿದ್ಯೆಯನ್ನು ಯಾವ ದೇಶದ ಕಚೇರಿಯೂ ರದ್ದು ಮಾಡಿಲ್ಲ. ಅದನ್ನು ಬರೆದಿಡು.

ಇನ್ನೊಂದು ಮಾತು. ಹೆಂಡತಿಗೆ ಇವತ್ತೇ ಹೇಳು. ಅವಳಿಗೆ ಗೊತ್ತಿಲ್ಲವೆಂದು ನೀನು ತಿಳಿದಿರುವೆ. ಮೂರು ಗಂಟೆಗೆ ಎದ್ದು ಕೂರುವ ಗಂಡನ ಪಕ್ಕದಲ್ಲಿ ಮಲಗುವವಳಿಗೆ ಏನೂ ಗೊತ್ತಿರುವುದಿಲ್ಲವೆಂದು ನನಗೆ ಅನ್ನಿಸುವುದಿಲ್ಲ. ಗೊತ್ತಿಲ್ಲದಿರುವುದು ಮೊತ್ತ ಮಾತ್ರ, ಮತ್ತು ಮೊತ್ತ ಗೊತ್ತಿಲ್ಲದವರು ಅದಕ್ಕಿಂತ ದೊಡ್ಡದನ್ನೇ ಊಹಿಸಿಕೊಂಡಿರುತ್ತಾರೆ.

ಉತ್ತರ 2: ಶಿವಮೊಗ್ಗದ ನಿವೃತ್ತ ಬ್ಯಾಂಕ್ ಅಧಿಕಾರಿ

ನಾನು ಮೂವತ್ತು ವರ್ಷ ಮೇಜಿನ ಆಚೆ ಬದಿಯಲ್ಲಿ ಕುಳಿತವನು. ಮನಸ್ಸಿನ ವಿಚಾರದಲ್ಲಿ ಹೇಳಲು ನನಗೆ ಅಧಿಕಾರವಿಲ್ಲ. ಆದರೆ ನಿಮ್ಮ ಭಯದ ಒಂದು ಪಾಲು ಬ್ಯಾಂಕಿನ ಒಳಗೆ ಏನು ನಡೆಯುತ್ತದೆಂದು ತಿಳಿಯದ್ದರಿಂದ ಬಂದಿದೆ ಎಂದು ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ಕಂತು ತಪ್ಪಿದ ಕೂಡಲೇ ಬ್ಯಾಂಕು ನಿಮ್ಮ ಮೇಲೆ ಬೀಳುವುದಿಲ್ಲ. ಮೂವತ್ತು ದಿನಗಳವರೆಗೆ ಒಂದು ಹಂತ, ಮೂವತ್ತೊಂದರಿಂದ ಅರವತ್ತರವರೆಗೆ ಎರಡನೆಯದು, ಅರವತ್ತೊಂದರಿಂದ ತೊಂಬತ್ತರವರೆಗೆ ಮೂರನೆಯದು. ತೊಂಬತ್ತು ದಿನ ದಾಟಿದ ಮೇಲಷ್ಟೇ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಎನ್ನಿಸಿಕೊಳ್ಳುತ್ತದೆ. ಈ ತೊಂಬತ್ತು ದಿನಗಳ ಒಳಗೆ ತಾನಾಗಿ ಬಂದು ಎದುರು ಕುಳಿತ ಸಾಲಗಾರನಿಗೆ ಮಾಡಿಕೊಡಬಹುದಾದ ಅನುಕೂಲಗಳು, ಮುಖ ತಪ್ಪಿಸಿಕೊಂಡು ನೂರನೆಯ ದಿನ ಸಿಕ್ಕಿದವನಿಗೆ ಮಾಡಿಕೊಡಲು ಬರುವುದಿಲ್ಲ. ಸಂಕಷ್ಟದಲ್ಲಿರುವ ಸಣ್ಣ ಉದ್ಯಮಗಳ ಪುನಶ್ಚೇತನಕ್ಕೆಂದೇ ರಿಸರ್ವ್ ಬ್ಯಾಂಕ್ 2016ರಲ್ಲಿ ನಿಯಮಗಳನ್ನು ಹೊರಡಿಸಿದೆ. ಅದರ ಪ್ರಕಾರ ಉದ್ಯಮಿಯೇ ಮುಂದಾಗಿ ಅರ್ಜಿ ಕೊಟ್ಟು ತನ್ನ ಖಾತೆಯನ್ನು ಪರಿಶೀಲಿಸಿ ಕಂತುಗಳನ್ನು ಮರುಹೊಂದಿಸುವಂತೆ ಕೇಳಬಹುದು. ಹೋಗುವಾಗ ರದ್ದಾದ ಬೇಡಿಕೆಯ ಪತ್ರಗಳು, ಗೋದಾಮಿನ ದಾಸ್ತಾನಿನ ಪಟ್ಟಿ, ಬರಬೇಕಾದ ಹಣದ ವಿವರ, ಮುಂದಿನ ಆರು ತಿಂಗಳಲ್ಲಿ ಎಷ್ಟು ಬರಬಹುದೆಂಬ ಪ್ರಾಮಾಣಿಕ ಅಂದಾಜು, ಇವಿಷ್ಟನ್ನು ಒಯ್ಯಿರಿ. ಅಂದಾಜನ್ನು ಹಿಗ್ಗಿಸಬೇಡಿ. ಎಂಥ ವ್ಯವಸ್ಥಾಪಕನಿಗೂ ಹಿಗ್ಗಿಸಿದ ಲೆಕ್ಕ ಒಂದೇ ನೋಟದಲ್ಲಿ ತಿಳಿಯುತ್ತದೆ.

ನಿಮಗೆ ಬರಬೇಕಾದ ಹಣ ಕೇಳಲು ನಾಚಿಕೆ ಎಂದು ಬರೆದಿದ್ದೀರಿ. ಅದನ್ನು ಓದಿ ನನಗೆ ಬಹಳ ಸಂಕಟವಾಯಿತು. ಮಲೆನಾಡಿನಲ್ಲಿ ಇದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ: ಕೊಡಬೇಕಾದವರು ನಿಶ್ಚಿಂತೆಯಿಂದಿರುತ್ತಾರೆ, ಕೊಟ್ಟು ಕುಳಿತವರು ತಲೆ ತಗ್ಗಿಸಿಕೊಂಡು ಓಡಾಡುತ್ತಾರೆ. ಕಾನೂನು ಇದನ್ನು ಹೀಗೆ ನೋಡುವುದಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ, ಬರವಣಿಗೆಯಲ್ಲಿ ಒಪ್ಪಂದವಿದ್ದರೂ ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ 45 ದಿನಗಳೊಳಗೆ ಹಣ ಪಾವತಿಯಾಗಬೇಕು. ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ತಿಂಗಳು ತಿಂಗಳಿಗೆ ಚಕ್ರಬಡ್ಡಿಯಾಗಿ ಕೊಡಬೇಕು. ಮಾಲು ಕಳುಹಿಸುವ ಮುಂಚೆಯೇ ನಿಮ್ಮ ಘಟಕ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದ್ದರೆ ರಾಜ್ಯದ ಸೌಲಭ್ಯ ಮಂಡಳಿಗೆ ದೂರು ಕೊಡುವ ಹಕ್ಕು ನಿಮಗಿದೆ. ದೂರು ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು. ಮೊದಲು ಈ ಕಾಯ್ದೆಯನ್ನು ಉಲ್ಲೇಖಿಸಿ ಒಂದು ಪತ್ರ ಬರೆಯಿರಿ. ಅದನ್ನು ಬರೆಯುವಾಗ ನಿಮ್ಮ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಇದನ್ನು ನಾನು ಎದುರು ಕುಳಿತವರಲ್ಲಿ ಕಣ್ಣಾರೆ ನೋಡಿದ್ದೇನೆ.

ಬ್ಯಾಂಕಿನ ಕಂತು ಕಟ್ಟಲು ಖಾಸಗಿಯವರ ಕೈಸಾಲವನ್ನು ಮಾತ್ರ ತೆಗೆಯಬೇಡಿ. ಮರ್ಯಾದೆ ಉಳಿಸಿಕೊಳ್ಳಲು ತೆಗೆದ ಮೀಟರ್ ಬಡ್ಡಿಯ ಸಾಲ ಎಷ್ಟೋ ಮನೆಗಳ ನೆಮ್ಮದಿಯನ್ನೇ ತಿಂದು ಹಾಕಿದೆ.

ಉತ್ತರ 3: ಭದ್ರಾವತಿಯಿಂದ

ಮೇಲಿನವರು ಹೇಳಿದ್ದೆಲ್ಲ ಸರಿಯೇ. ಆದರೂ ಎಲ್ಲರೂ ಘಟಕ ಮುಂದುವರಿಯಲೇಬೇಕೆಂಬ ಭಾವದಲ್ಲಿ ಬರೆದಂತಿದೆ. ಮುಚ್ಚಿದವನೊಬ್ಬನ ಮಾತೂ ಇಲ್ಲಿರಲಿ.

ನನಗೆ ಒಂದು ಸಣ್ಣ ವರ್ಕ್‌ಶಾಪ್ ಇತ್ತು. ಊರಿನ ದೊಡ್ಡ ಕಾರ್ಖಾನೆಯೊಂದಕ್ಕೆ ಬಿಡಿಭಾಗಗಳನ್ನು ಮಾಡಿಕೊಡುತ್ತಿದ್ದೆವು. ಆ ಕಾರ್ಖಾನೆಯ ಕೆಲಸ ಕಡಿಮೆಯಾಗುತ್ತ ಬಂದು ಕೊನೆಗೆ ನಮಗೆ ಏನೂ ಸಿಗದಂತಾಯಿತು. ಮೂರು ವರ್ಷ ಹಟ ಹಿಡಿದೆ. ಹೆಂಡತಿಯ ಬಂಗಾರ ಹೋಯಿತು, ತಂದೆಯ ಕಾಲದ ನಿವೇಶನ ಹೋಯಿತು. ಸೋಲೊಪ್ಪಿಕೊಳ್ಳದಿರುವುದೇ ಮನೋಬಲ ಎಂದು ನಂಬಿದ್ದೆ. ಕಡೆಗೆ ಲೇಥನ್ನು ಮಾರಿದ ದಿನ, ಅದನ್ನು ಸರಪಳಿ ಕಟ್ಟಿ ಲಾರಿಗೆ ಏರಿಸುವಾಗ, ಹದಿನೆಂಟು ವರ್ಷ ಅದು ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ಎಣ್ಣೆಯ ಕಪ್ಪು ಚೌಕವೊಂದು ಉಳಿದಿತ್ತು. ಅದನ್ನು ನೋಡಿ ತಂದೆ ತೀರಿಕೊಂಡಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತೆ.

ಈಗ ಬೇರೆಯವರ ಕಾರ್ಖಾನೆಯಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುತ್ತೇನೆ. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ. ಯಂತ್ರದ ಸದ್ದು ಕೇಳಿಯೇ ಬೇರಿಂಗ್ ಹೋಗಿದೆಯೆಂದು ಹೇಳುತ್ತೇನೆ, ಹುಡುಗರು ನನ್ನ ಹತ್ತಿರ ಕೇಳಿ ಕಲಿಯುತ್ತಾರೆ. ಮುಚ್ಚುವ ತೀರ್ಮಾನವನ್ನು ಎರಡು ವರ್ಷ ಮೊದಲೇ ಮಾಡಿದ್ದರೆ ನಿವೇಶನ ಉಳಿಯುತ್ತಿತ್ತು. ಎಷ್ಟು ಹಣ, ಎಷ್ಟು ಸಮಯ ಇನ್ನೂ ಹಾಕುತ್ತೀರಿ ಎಂಬ ಗೆರೆಯನ್ನು, ತಲೆ ತಣ್ಣಗಿರುವಾಗಲೇ, ಹೆಂಡತಿಯ ಜೊತೆ ಕುಳಿತು ಎಳೆದುಕೊಳ್ಳಿ. ಆ ಗೆರೆ ಮುಟ್ಟಿದ ದಿನ ನಿಲ್ಲಿಸಿದರೆ ಅದು ಓಡಿಹೋದಂತಲ್ಲ.

ಉತ್ತರ 4: ಮುಳುಗಡೆಯ ಮನೆಯವಳು

ಚಿಕ್ಕದಾಗಿ ಬರೆಯುತ್ತೇನೆ. ಲಿಂಗನಮಕ್ಕಿಯ ಅಣೆಕಟ್ಟೆಯಿಂದ ನಮ್ಮ ಅಜ್ಜನ ಮನೆ, ತೋಟ ಎಲ್ಲವೂ ನೀರಿನಡಿಗೆ ಹೋದವು. ಬಂದು ನೆಲೆಸಿದ ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, "ಮುಳುಗಡೆಯವರು" ಎನ್ನುತ್ತಿದ್ದರು. ಕಳೆದುಕೊಂಡದ್ದೇ ಅವರ ಗುರುತಾಗಿತ್ತು. ಅಜ್ಜ ಹೊಸ ಜಾಗದಲ್ಲಿ ಅಡಿಕೆ ಸಸಿ ನೆಟ್ಟರು. ಅಡಿಕೆ ಫಸಲಿಗೆ ಬರಲು ಐದಾರು ವರ್ಷವಾದರೂ ಬೇಕು, ಅಲ್ಲಿಯವರೆಗೆ ಬೇರೆಯವರ ತೋಟದಲ್ಲಿ ಕೂಲಿ ಮಾಡಿದರು. ಯಾರ ತೋಟಕ್ಕೆ ಹೋದರೂ ಮಳೆಗಾಲದ ಕೊಳೆ ರೋಗ ತಗುಲದಂತೆ ಅಡಿಕೆ ಗೊನೆಗೆ ಕೊಟ್ಟೆ, ಅಂದರೆ ಹಾಳೆಯ ಹೊದಿಕೆ, ಕಟ್ಟುವ ಕೆಲಸವನ್ನು ಅವರಿಗೇ ಕೊಡುತ್ತಿದ್ದರಂತೆ, ಅವರು ಕಟ್ಟಿದ ಕೊಟ್ಟೆಯೊಳಗೆ ಮಳೆನೀರು ಇಳಿಯುತ್ತಿರಲಿಲ್ಲವೆಂದು.

ನೀವು ಕೊಳೆ ಬಂದ ವರ್ಷ ನೋಡಿರುತ್ತೀರಿ. ಅಡಿಕೆ ಉದುರಿ ನೆಲ ಹಸಿರಾದರೂ ಆ ತೋಟದವರನ್ನು ಯಾರೂ ಸೋತವರು ಎನ್ನುವುದಿಲ್ಲ, ಈ ವರ್ಷ ಕೊಳೆ ಬಂತು ಎನ್ನುತ್ತಾರೆ. ನಿಮಗೆ ಬಂದದ್ದೂ ಅಂಥದ್ದೇ ಒಂದು ಎಂದು ನನಗೆ ತೋರುತ್ತದೆ. ತೋಟದವರಿಗೆ ಕೊಡುವ ಮಾತನ್ನು ನಿಮಗೂ ಕೊಟ್ಟುಕೊಳ್ಳಿ.

ಉತ್ತರ 5: ಶಿವಮೊಗ್ಗದ ಆಪ್ತಸಮಾಲೋಚಕಿ

ಇಲ್ಲಿನ ಉತ್ತರಗಳನ್ನು ಓದಿದ ಮೇಲೆ ನಾನು ಹೊಸದಾಗಿ ಹೇಳಬೇಕಾದದ್ದು ಹೆಚ್ಚಿಲ್ಲ. ನನ್ನ ಓದಿನಲ್ಲಿ ಬಂದದ್ದು ಇವರ ಅನುಭವಕ್ಕೆ ಎಲ್ಲಿ ಹೊಂದುತ್ತದೆಂಬುದನ್ನು ಮಾತ್ರ ಹೇಳುತ್ತೇನೆ.

ಮನುಷ್ಯರು ತಮ್ಮ ಬೆಲೆಯನ್ನು ಯಾವುದಾದರೂ ಕೆಲವು ಸಂಗತಿಗಳ ಮೇಲೆ ಕಟ್ಟಿಕೊಂಡಿರುತ್ತಾರೆ ಎಂಬ ವಿಚಾರವನ್ನು ಜೆನಿಫರ್ ಕ್ರಾಕರ್ ಮತ್ತು ಕೋನಿ ವುಲ್ಫ್ ಎಂಬ ಮನೋವಿಜ್ಞಾನಿಗಳು 2001ರಲ್ಲಿ ವಿಸ್ತಾರವಾಗಿ ಮಂಡಿಸಿದರು. ಕೆಲವರಿಗೆ ಅದು ಕುಟುಂಬದ ಪ್ರೀತಿ, ಕೆಲವರಿಗೆ ಇತರರ ಮೆಚ್ಚುಗೆ, ಕೆಲವರಿಗೆ ನಡತೆ, ಕೆಲವರಿಗೆ ಪೈಪೋಟಿಯಲ್ಲಿ ಗೆಲುವು. ಯಾವುದರ ಮೇಲೆ ಕಟ್ಟಿರುತ್ತೇವೋ ಅಲ್ಲಿ ಏಟು ಬಿದ್ದಾಗ ಇಡೀ ಮನುಷ್ಯನೇ ಅಲುಗಾಡುತ್ತಾನೆ. ಉದ್ಯಮಿಗಳಲ್ಲಿ ಇದು ತೀವ್ರವಾಗಿರುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ನೌಕರಿ ಬಿಟ್ಟು ಬಂದ ದಿನವೇ ಊರಿನವರು ಇವನು ಏನು ಮಾಡುತ್ತಾನೋ ನೋಡೋಣ ಎಂದು ಕಣ್ಣಿಟ್ಟಿರುತ್ತಾರೆ. ಅಲ್ಲಿಂದ ಮುಂದೆ ಘಟಕದ ಹೆಸರೇ ಅವನ ಹೆಸರಾಗುತ್ತದೆ. ನೀವು ಮಗನೂ ಗಂಡನೂ ನೆರೆಯವನೂ ಆಗಿ ಏಳು ವರ್ಷಗಳಲ್ಲಿ ಮಾಡಿದ್ದೆಲ್ಲ ಆ ಹೆಸರಿನ ಹಿಂದೆ ಮರೆಯಾಗಿರಬಹುದು. ಅವನ್ನು ಮರಳಿ ಕಣ್ಣಮುಂದೆ ತಂದುಕೊಳ್ಳುವುದಕ್ಕೆ ಕೂತು ಯೋಚಿಸುವುದಕ್ಕಿಂತ ಕೈಯಿಂದ ಮಾಡುವುದು ಒಳ್ಳೆಯದು: ಮಗುವಿಗೆ ಪಾಠ ಹೇಳಿಕೊಡುವುದು, ನೆರೆಯವರ ತೋಟದ ಪಂಪು ನೋಡಿಕೊಡುವುದು, ಏನಾದರೂ. ಅಲ್ಲಿ ನಿಮ್ಮನ್ನು ಯಾರೂ ಬ್ಯಾಲೆನ್ಸ್ ಶೀಟಿನಿಂದ ಅಳೆಯುವುದಿಲ್ಲ.

ಭದ್ರಾವತಿಯವರು ಲೇಥ್ ಹೋದ ದಿನದ ಅಳುವಿನ ಬಗ್ಗೆ ಬರೆದದ್ದನ್ನು ಓದಿ ಡೀನ್ ಶೆಫರ್ಡ್ ಎಂಬ ಸಂಶೋಧಕರ ಬರಹ ನೆನಪಾಯಿತು. ತಮ್ಮ ತಂದೆ ಬಹುಕಾಲ ನಡೆಸಿದ ಕುಟುಂಬದ ವ್ಯವಹಾರ ಮುಚ್ಚಿದಾಗ ತಂದೆಯಲ್ಲಿ ಕಂಡ ದುಃಖವೇ ಅವರನ್ನು ಈ ವಿಷಯಕ್ಕೆ ಎಳೆದದ್ದು. ಉದ್ಯಮ ಕಳೆದುಕೊಂಡವನು ಅನುಭವಿಸುವುದು ಆಪ್ತರ ಸಾವಿನಲ್ಲಿ ಅನುಭವಿಸುವ ದುಃಖದಂಥದ್ದೇ ಎಂದು ಅವರು 2003ರಲ್ಲಿ ಬರೆದರು. ಅದರಿಂದ ಹೊರಬರಲು ಎರಡು ದಾರಿಗಳಿವೆ: ಏನಾಯಿತು, ಏಕಾಯಿತು ಎಂದು ಎದುರಿಟ್ಟುಕೊಂಡು ನೋಡುವುದು ಒಂದು, ಅದನ್ನು ಬದಿಗಿಟ್ಟು ಮುಂದಿನ ಕೆಲಸಗಳಲ್ಲಿ ತೊಡಗುವುದು ಇನ್ನೊಂದು. ಮೊದಲನೆಯದರಲ್ಲೇ ಮುಳುಗಿದರೆ ಅದು ಕೊರಗಾಗುತ್ತದೆ, ಎರಡನೆಯದರಲ್ಲೇ ಇದ್ದರೆ ಒಳಗಿನ ಗಾಯಕ್ಕೆ ಗಾಳಿಯಾಡುವುದಿಲ್ಲ. ಎರಡರ ನಡುವೆ ಹೋಗಿ ಬರುತ್ತಿರುವವರು ಬೇಗ ಚೇತರಿಸಿಕೊಳ್ಳುತ್ತಾರೆಂಬುದು ಅವರ ವಾದ. ನನ್ನ ಬಳಿ ಬರುವವರಿಗೆ ನಾನು ಇದನ್ನು ಹೀಗೆ ಹೇಳುತ್ತೇನೆ: ದಿನಕ್ಕೆ ಅರ್ಧ ಗಂಟೆ, ಹಗಲು ಹೊತ್ತಿನಲ್ಲಿ, ಕಾಗದ ಪೆನ್ನು ಹಿಡಿದು ಲೆಕ್ಕದ ಎದುರು ಕುಳಿತುಕೊಳ್ಳಿ. ಹೊತ್ತು ಮುಗಿದ ಮೇಲೆ ಎದ್ದು ಬೇರೆ ಕೆಲಸಕ್ಕೆ ಹೋಗಿ. ಬೆಳಗಿನ ಜಾವ ಮೂರಕ್ಕೆ ಅದೇ ಯೋಚನೆ ಬಂದಾಗ, ಇದಕ್ಕೆ ಹಗಲಿನಲ್ಲಿ ಹೊತ್ತು ಗೊತ್ತುಮಾಡಿದ್ದೇನೆ ಎಂದು ಹೇಳಿಕೊಳ್ಳಲು ಆಗುತ್ತದೆ. ಮೊದಲ ವಾರ ಇದು ಕೆಲಸ ಮಾಡದಿರಬಹುದು. ಬಿಡಬೇಡಿ.

ಮುಚ್ಚಿಡುವುದರ ಬಗ್ಗೆ ಒಂದು ಮಾತು. 2020ರಲ್ಲಿ ಹೆಗ್ಗೋಡಿನ ಚರಕ ಸಂಸ್ಥೆ, ಅಷ್ಟು ಹೆಸರಿದ್ದ ಹೆಣ್ಣುಮಕ್ಕಳ ಕೈಮಗ್ಗದ ಸಹಕಾರ ಸಂಘ, ಮಾಲು ಮಾರಾಟವಾಗದೆ ಸಂಕಷ್ಟಕ್ಕೆ ಸಿಕ್ಕಿದಾಗ ಅದನ್ನು ನಾಡಿನ ಮುಂದೆ ಬಹಿರಂಗವಾಗಿ ಹೇಳಿಕೊಂಡಿತು. ಹಾಗೆ ಹೇಳಿಕೊಂಡದ್ದರಿಂದ ಅದರ ಮೇಲಿನ ಗೌರವ ನನ್ನಂಥವರ ಮನಸ್ಸಿನಲ್ಲಿ ಕಡಿಮೆಯಾಗಲಿಲ್ಲ. ನೀವು ಊರಿಗೆಲ್ಲ ಹೇಳಬೇಕೆಂದು ನಾನು ಹೇಳುತ್ತಿಲ್ಲ. ಹೆಂಡತಿ, ಆರು ಮಂದಿ ಕೆಲಸಗಾರರು, ಬ್ಯಾಂಕು, ಈ ಮೂರು ಕಡೆ ನಿಜವಾದ ಲೆಕ್ಕ ತಿಳಿದರೆ ಸಾಕು. ಸೋದರಮಾವನಿಗೆ "ಈ ವರ್ಷ ಕಷ್ಟ ಇದೆ ಮಾವ" ಎಂದಷ್ಟೇ ಹೇಳಿದರೆ ಅದರಲ್ಲಿ ಸುಳ್ಳೂ ಇಲ್ಲ, ವಿವರವೂ ಇಲ್ಲ.

ಕೊನೆಯದಾಗಿ ಒಂದನ್ನು ನೇರವಾಗಿ ಕೇಳಲೇಬೇಕು. ನಿದ್ದೆ ಕೆಟ್ಟು ಎಷ್ಟು ವಾರಗಳಾದವು? ಊಟ ಸೇರುತ್ತಿದೆಯೇ? ಬದುಕಿ ಪ್ರಯೋಜನವಿಲ್ಲ ಎಂಬ ಯೋಚನೆ ಒಮ್ಮೆಯಾದರೂ ಬಂದಿದೆಯೇ? ಎರಡು ವಾರ ದಾಟಿ ಹೀಗೇ ಇದ್ದರೆ ಅದು ಮನೋಬಲದ ಕೊರತೆಯೆಂದು ತಿಳಿಯಬೇಡಿ, ಚಿಕಿತ್ಸೆ ಬೇಕಾದ ಸ್ಥಿತಿಯಿರಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು; ಬೆಳಗಿನ ಜಾವದ ಮೂರು ಗಂಟೆಗೂ ಅಲ್ಲಿ ಒಬ್ಬರು ಇರುತ್ತಾರೆ. ಕೊನೆಯ ಪ್ರಶ್ನೆಗೆ ಹೌದು ಎಂದಾದರೆ ಇದನ್ನು ಓದಿ ಮುಗಿಸುವ ಮುಂಚೆಯೇ ಕರೆ ಮಾಡಿ, ಮನೆಯಲ್ಲೂ ಹೇಳಿ. ಮನೋವೈದ್ಯ ಡಾ. ಅಶೋಕ್ ಪೈ ಅವರು 2016ರಲ್ಲಿ ತೀರಿಕೊಳ್ಳುವವರೆಗೂ ಮನಸ್ಸಿನ ಕಾಯಿಲೆಯನ್ನು ನಾಚಿಕೆಯಿಂದ ಮುಚ್ಚಿಡಬಾರದೆಂದು ಜನರಿಗೆ ತಿಳಿಹೇಳುತ್ತ ಬಂದ ಊರು ಇದು. ಶಿವಮೊಗ್ಗದವರಾದ ನಾವು ಡಾಕ್ಟರ ಬಳಿ ಹೋಗಲು ಹಿಂಜರಿಯಬಾರದು.

ಮತ್ತೆ ಹೊಸನಗರದಿಂದ, ಹನ್ನೆರಡು ದಿನಗಳ ನಂತರ

ಎಲ್ಲರಿಗೂ ಋಣಿ. ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ.

ಸಮಾಲೋಚಕಿಯವರ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಅಂಥ ಯೋಚನೆ ಬಂದಿಲ್ಲ. ನಿದ್ದೆ ಕೆಟ್ಟು ಮಾತ್ರ ಎರಡು ತಿಂಗಳಾಗಿದೆ. ಒಂದು ರಾತ್ರಿ ಆ ಸಂಖ್ಯೆಗೆ ಕರೆ ಮಾಡಿದೆ. ಅರ್ಧ ಗಂಟೆ ಮಾತನಾಡಿದರು, ವೈದ್ಯರನ್ನು ಕಾಣುವುದು ಒಳ್ಳೆಯದೆಂದರು. ಮುಂದಿನ ಮಂಗಳವಾರ ಹೋಗುತ್ತಿದ್ದೇನೆ.

ಹೆಂಡತಿಗೆ ಹೇಳಿದೆ. ಅಡುಗೆಮನೆಯ ಕಟ್ಟೆಯ ಮೇಲೆ ಲೆಕ್ಕದ ಪುಸ್ತಕ ಬಿಚ್ಚಿಟ್ಟು ಮೊದಲಿನಿಂದ ಕೊನೆಯವರೆಗೆ ತೋರಿಸಿದೆ. ಅವಳು ಹೆಚ್ಚು ಹೊತ್ತು ಮಾತನಾಡಲಿಲ್ಲ. ಆಮೇಲೆ, ಇದಕ್ಕಿಂತ ಜಾಸ್ತಿ ಇರಬಹುದು ಅಂದುಕೊಂಡಿದ್ದೆ ಎಂದಳು. ಸಾಗರದ ಅಕ್ಕನವರು ಬರೆದದ್ದು ಅಕ್ಷರಶಃ ನಿಜವಾಯಿತು. ಸಿಟ್ಟೂ ಬಂದಿತ್ತು ಅವಳಿಗೆ, ಮರುದಿನ ಹೇಳಿದಳು: ಸಾಲ ಮಾಡಿದ್ದಕ್ಕಲ್ಲ, ಒಬ್ಬನೇ ಇಟ್ಟುಕೊಂಡಿದ್ದಕ್ಕೆ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಇಳಿಯಲು ಸಮಯ ಬೇಕು.

ಕೆಲಸದವರಿಗೂ ಹೇಳಿದೆವು. ಇಬ್ಬರು ಅಡಿಕೆಗೊನೆಯ ಕೊಯ್ಲು ಮುಗಿಯುವವರೆಗೆ ಅಡಿಕೆ ಸುಲಿಯಲು ಹೋಗುತ್ತೇವೆ, ಯಂತ್ರ ನಡೆದಾಗ ಕರೆಯಿರಿ ಎಂದರು. ಅವರಲ್ಲಿ ಹಿರಿಯರಾದವರು ಗೋದಾಮಿಗೆ ಹೋಗಿ ಒಂದೊಂದು ಕಟ್ಟನ್ನೂ ಬಿಚ್ಚಿ ಬೂಷ್ಟು ನೋಡಿ, ಹಾಳಾದದ್ದನ್ನು ಬೇರೆ ಮಾಡಿದರು. ನಾನು ಭಯಪಟ್ಟಿದ್ದರಲ್ಲಿ ಕಾಲುಭಾಗವೂ ಹಾಳಾಗಿರಲಿಲ್ಲ. ಎರಡು ತಿಂಗಳಿಂದ ನಾನು ಹೊರಗಿನಿಂದಲೇ ನೋಡಿ ಬಾಗಿಲು ಹಾಕುತ್ತಿದ್ದೆ.

ಭದ್ರಾವತಿಯವರು ಹೇಳಿದ ಗೆರೆಯನ್ನೂ ಎಳೆದುಕೊಂಡಿದ್ದೇವೆ: ಬರುವ ಯುಗಾದಿಯವರೆಗೆ, ಮತ್ತು ಮನೆಯಿಂದ ಹೊಸದಾಗಿ ಒಂದು ರೂಪಾಯಿಯೂ ಹಾಕದೆ. ಅಷ್ಟರಲ್ಲಿ ಇಲ್ಲಿನ ಮದುವೆ, ಉಪನಯನ, ದೇವಸ್ಥಾನಗಳ ಊಟಕ್ಕೆ ಸಾಕಷ್ಟು ತಟ್ಟೆ ಹೋಗದಿದ್ದರೆ ಎರಡು ಯಂತ್ರಗಳನ್ನು ಮಾರುತ್ತೇವೆ.

ಬಾಕಿ ಹಣದ ಪತ್ರವನ್ನು ಕಾಯ್ದೆಯ ಉಲ್ಲೇಖದೊಂದಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದೆ. ಉತ್ತರ ಬಂದಿಲ್ಲ. ನಾಳೆ ಹನ್ನೊಂದು ಗಂಟೆಗೆ ಬ್ಯಾಂಕಿನ ವ್ಯವಸ್ಥಾಪಕರು ಬರಹೇಳಿದ್ದಾರೆ. ದಾಸ್ತಾನಿನ ಪಟ್ಟಿ, ರದ್ದಾದ ಬೇಡಿಕೆಗಳು, ಆರು ತಿಂಗಳ ಅಂದಾಜು ಎಲ್ಲವನ್ನೂ ಒಂದು ಕಡತದಲ್ಲಿ ಜೋಡಿಸಿದ್ದೇನೆ. ಅಂದಾಜಿನಲ್ಲಿ ನಾನು ಬರೆದಿದ್ದ ಒಂದು ಅಂಕಿಯನ್ನು ಹೆಂಡತಿ ಹೊಡೆದುಹಾಕಿ ಕಡಿಮೆ ಮಾಡಿದ್ದಾಳೆ. ಅವಳೂ ಜೊತೆಗೆ ಬರುತ್ತಿದ್ದಾಳೆ, ಮುಂದಿನ ರಸ್ತೆಯಿಂದಲೇ ಹೋಗುತ್ತೇವೆ.